ಟ್ಯಾಬ್ ಮುಚ್ಚಿಟ್ಟು ಜಾಜ್ ಕಲಿಯುವುದು

"ಮನ್ಯಾಗ ಛಲೋ ಬರತೈತ್ರಿ ಸರ್, ಇಲ್ಲಿ ಬಂದ್ರ ಮರ್ತ್ ಹೋಗತೈತಿ." ಬೆಳಗಾವಿಯ ತಿಲಕವಾಡಿಯಲ್ಲಿರುವ ನನ್ನ ಗಿಟಾರ್ ಕ್ಲಾಸಿನಲ್ಲಿ ಜಾಜ್ ಶುರು ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಈ ಮಾತು ಹೇಳುತ್ತಾರೆ. ನಿಜ ಏನಂದ್ರೆ, ಟ್ಯೂನ್ ಅವರ ತಲೆಗೆ ಹೋಗಿಯೇ ಇರುವುದಿಲ್ಲ. ಟ್ಯಾಬ್ (ಯಾವ ತಂತಿಯ ಎಷ್ಟನೇ ಫ್ರೆಟ್, ಅಂದರೆ ಎಷ್ಟನೇ ಮನೆ ಒತ್ತಬೇಕು ಅಂತ ಅಂಕಿಯಲ್ಲಿ ಬರೆದ ಹಾಳೆ) ನೋಡಿ ಐದನೇ ಫ್ರೆಟ್, ಎಂಟನೇ ಫ್ರೆಟ್ ಅಂತ ಬೆರಳಿಗೆ ರೂಢಿಯಾಗಿರುತ್ತದೆ, ಅಷ್ಟೇ. ನಡುವೆ ಒಂದು ಬೆರಳು ಜಾರಿತೋ, ಮತ್ತೆ ಮೊದಲಿನಿಂದ ಶುರು.

ಅದಕ್ಕೇ ಹೊಸ ಟ್ಯೂನ್ ಹಿಡಿದಾಗ ಗಿಟಾರ್ ಬ್ಯಾಗಿನಲ್ಲೇ ಇರಲಿ ಅನ್ನುತ್ತೇನೆ. ಮೊದಲು ಹಾಡಬೇಕು. ಕಂಠ ಹೇಗಿದ್ದರೂ ಸರಿ, ಸ್ವರ ಸರಿಯಿದ್ದರೆ ಸಾಕು.

ಜೋಸೆಫ್ ಕೋಸ್ಮಾ 1945ರಲ್ಲಿ ಸಂಯೋಜಿಸಿದ 'ಆಟಮ್ ಲೀವ್ಸ್' ತೆಗೆದುಕೊಳ್ಳಿ. ಜಿ ಮೈನರ್‌ನಲ್ಲಿ ನುಡಿಸುವಾಗ ಜಿ ಅನ್ನೇ ಸಾ ಅಂತ ಹಿಡಿಯಿರಿ. ಮೊದಲ ಸಾಲು ಸಾ ರಿ, ಕೋಮಲ ಗ ಹತ್ತಿ ಕೋಮಲ ಧ ಮೇಲೆ ನಿಲ್ಲುತ್ತದೆ. ಮುಂದಿನ ಸಾಲು ಒಂದು ಮೆಟ್ಟಿಲು ಕೆಳಗಿಂದ ಎದ್ದು ಪ ಮೇಲೆ ನಿಲ್ಲುತ್ತದೆ. ಆಮೇಲೆ ಮ, ಆಮೇಲೆ ಕೋಮಲ ಗ. ಮೊದಲ ಎಂಟು ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ಪೂರ್ತಿ ನಿಂತಿರುವುದು ಧ-ಪ-ಮ-ಗ ಅನ್ನುವ ಈ ಇಳಿಕೆಯ ಮೇಲೆ. ಮಜಾ ಏನಂದ್ರೆ, ಈ ನಾಲ್ಕೂ ಸ್ವರಗಳು ಅಲ್ಲಲ್ಲಿ ಬರುವ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲ ಸ್ವರದಿಂದ ಎಣಿಸಿದರೆ ಮೂರನೇ ಸ್ವರವೇ. ಇಷ್ಟು ಗೊತ್ತಾದರೆ ಮೆಲೊಡಿ ಹಾಡುತ್ತಲೇ ಕಾರ್ಡ್ ಯಾವುದು ಅಂತ ಹೇಳಬಹುದು, ಅಲ್ವಾ?

ಇನ್ನು ಕಾರ್ಡುಗಳು. ಪೂರ್ತಿ ಶೇಪ್ ಹಿಡಿಯಬೇಡಿ, ಎರಡೇ ತಂತಿ ಸಾಕು. ಡಿ ಮತ್ತು ಜಿ ತಂತಿಗಳ ಎಂಟನೇ ಫ್ರೆಟ್ ಒತ್ತಿ: ಬಿ ಫ್ಲಾಟ್, ಇ ಫ್ಲಾಟ್. ಇದು ಸಿ ಮೈನರ್ ಸೆವೆನ್‌ನ ತಿರುಳು. ಡಿ ತಂತಿಯ ಬೆರಳನ್ನು ಮಾತ್ರ ಏಳಕ್ಕೆ ಇಳಿಸಿದರೆ ಎಫ್ ಸೆವೆನ್. ಆಮೇಲೆ ಜಿ ತಂತಿಯದ್ದನ್ನೂ ಏಳಕ್ಕೆ ಇಳಿಸಿ, ಬಿ ಫ್ಲಾಟ್ ಮೇಜರ್ ಸೆವೆನ್ ಬಂತು. ಎರಡು-ಐದು-ಒಂದು ಅಂತ ಜಾಜ್‌ನವರು ದಿನಾ ಹೇಳುವುದು ಇದನ್ನೇ: ಬಿ ಫ್ಲಾಟ್ ಅನ್ನು ಒಂದು ಅಂತ ಹಿಡಿದರೆ ಸಿ ಎರಡು, ಎಫ್ ಐದು. ಜಾಜ್ ಟ್ರಂಪೆಟ್ ವಾದಕ ಕೆನ್ನಿ ಡೋರಮ್ ಅವರ 'ಬ್ಲೂ ಬೋಸಾ' ಟ್ಯೂನಿನ ನಡುವೆಯೂ ಇದೇ ಬರುತ್ತದೆ, ಡಿ ಫ್ಲಾಟ್‌ನಲ್ಲಿ. ಹಾಗಾಗಿ ಕಾರ್ಡ್ ಹೆಸರಿಗಿಂತ ಅಂಕಿಯಲ್ಲಿ ನೆನಪಿಟ್ಟುಕೊಂಡರೆ ಮುಂದಿನ ಟ್ಯೂನಿಗೆ ಅರ್ಧ ಕೆಲಸ ಕಡಿಮೆ.

ತಬಲಾ ಕಲಿತ ಹುಡುಗರಿಗೆ 'ಆಟಮ್ ಲೀವ್ಸ್'ನ 32 ಬಾರ್ ಎಣಿಸುವ ಚಿಂತೆಯೇ ಇಲ್ಲ. ತಾಳದ ಆವರ್ತನ ಸುತ್ತಿ ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ, ಬರುವುದು ಅವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಸೋಲೋ, ಅಂದರೆ ಟ್ಯೂನಿನ ನಡುವೆ ಒಬ್ಬರೇ ಕಟ್ಟಿ ನುಡಿಸುವ ಭಾಗದ ವಿಷಯದಲ್ಲಿ ನನ್ನದೊಂದು ಹಟ ಇದೆ: ಕಾಗದ ಬೇಡ. ಅಮೆರಿಕದ ಜಾಜ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮೆರಿಗೆ ನೊಟೇಶನ್ ಓದಲು ಬರುತ್ತಿರಲಿಲ್ಲ. ಅವರು ಇನ್ನೊಬ್ಬ ಜಾಜ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್‌ರ ರೆಕಾರ್ಡುಗಳನ್ನು ಕೇಳಿ ಕೇಳಿ ಆ ಸೋಲೋಗಳನ್ನು ಕಲಿತರು. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರೂ ಚಿಕ್ಕಂದಿನಲ್ಲಿ ದೊಡ್ಡ ಗಾಯಕರ ಗ್ರಾಮಫೋನ್ ರೆಕಾರ್ಡ್ ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದರು. ನಮಗಂತೂ ಮೊಬೈಲ್‌ನಲ್ಲಿ ಸ್ಪೀಡ್ ಅರ್ಧ ಮಾಡಿ ಕೇಳುವ ಸೌಲಭ್ಯವಿದೆ.

ಎರಡು ಬಾರ್ ಕೇಳಿ, ನಿಲ್ಲಿಸಿ, ಹಾಡಿ. ಬಾಯಿಗೆ ಬಂದ ಮೇಲೆ ಗಿಟಾರ್‌ನಲ್ಲಿ ಹುಡುಕಿ. ಅದು ಯಾವ ಕಾರ್ಡಿನ ಮೇಲೆ ಬರುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ಅದೇ ತುಣುಕನ್ನು ಬೇರೆ ಕೀನಲ್ಲಿ, ಅಂದರೆ ಸಾ ಬದಲಿಸಿ, ನುಡಿಸಿ. ಇಲ್ಲಿ ತಡವರಿಸಿದರೆ ಕೆಲಸ ಇನ್ನೂ ಬಾಕಿ ಇದೆ ಅಂತಲೇ ಲೆಕ್ಕ. ಪೂರ್ತಿ ಸೋಲೋ ಬಾಯಿಪಾಠ ಆಗಲೇಬೇಕು ಅಂತೇನೂ ಇಲ್ಲ. ಇಷ್ಟವಾದ ನಾಲ್ಕು ತುಣುಕು ಎಲ್ಲ ಕೀಗಳಲ್ಲೂ ಬಂದರೆ ನಿಮ್ಮ ಸ್ವಂತ ಸೋಲೋಗೆ ಅವೇ ಜಾಸ್ತಿ ಉಪಯೋಗ.

ಮರುದಿನ ಗಿಟಾರ್ ತೆಗೆದಾಗ ರೆಕಾರ್ಡ್ ಹಾಕುವ ಮುಂಚೆ ನೆನಪಿದ್ದಷ್ಟು ನುಡಿಸಿ ನೋಡಿ. ಎಲ್ಲಿ ನಿಂತಿತೋ, ಆ ಎರಡು ಬಾರ್ ಮಾತ್ರ ಮತ್ತೆ ಕೇಳಿ. ಸುಮ್ನೆ ಮೊದಲಿನಿಂದ ಬಾರಿಸುತ್ತಾ ಕೂರಬೇಡಿ.