ನಮ್ಮ ದನಿ ನಮಗೇ ಕೇಳಬೇಕು: ಮೇಣದ ಕೊಳವೆಯಿಂದ ಮೊಬೈಲ್‌ವರೆಗೆ

ಶಿರಸಿಯಲ್ಲೋ ಕಾರವಾರದಲ್ಲೋ ನರ್ಸಿಂಗ್ ಮುಗಿಸಿ ಜರ್ಮನ್ ಕಲಿಯಲು ಕೂತವರನ್ನು ಮೊದಲ ವಾರವೇ ಎಡವಿಸುವ ಶಬ್ದ ‘ಫ್ಯುನ್ಫ್’. ಐದು ಎಂದರ್ಥ. ಕನ್ನಡದ ನಾಲಿಗೆಗೆ ಶಬ್ದ ಸ್ವರದಲ್ಲಿ ಮುಗಿದರೇ ಸಮಾಧಾನ. ಬಸ್ ‘ಬಸ್ಸು’ ಆದದ್ದು, ಕಾರ್ ‘ಕಾರು’ ಆದದ್ದು ಹಾಗೆಯೇ. ಇದೂ ‘ಫ್ಯುನ್ಫು’ ಆಗುತ್ತದೆ. ಕೊನೆಯಲ್ಲಿ ಸೇರಿಕೊಂಡ ಆ ಪುಟ್ಟ ‘ಉ’ ಹೇಳಿದವರ ಕಿವಿಗೆ ಬೀಳುವುದೇ ಇಲ್ಲ.

ಅದನ್ನೇ ರೆಕಾರ್ಡ್ ಮಾಡಿ, ದನಿಯನ್ನು ಅಲೆಯ ಚಿತ್ರವಾಗಿ ತೋರಿಸುವ ಅಡಾಸಿಟಿ ತಂತ್ರಾಂಶದಲ್ಲಿ ತೆರೆದರೆ ಕಣ್ಣಿಗೇ ಕಾಣುತ್ತದೆ. ಜರ್ಮನ್ನರ ದನಿಯಲ್ಲಿ ಕೊನೆಯ ‘ಫ್’ ತೆಳ್ಳಗಿನ ಜುಂಗಿನಂತೆ ಬಂದು ಅಲ್ಲೇ ಕರಗುತ್ತದೆ. ನಮ್ಮದರಲ್ಲಿ ಜುಂಗಿನ ಹಿಂದೆಯೇ ಒಂದು ಸಣ್ಣ ಗುಡ್ಡ ಏಳುತ್ತದೆ. ಆ ಗುಡ್ಡವೇ ‘ಉ’. ಅದು ಮಾಯವಾಗುವವರೆಗೆ ಹೇಳುತ್ತ ಹೋಗುವುದೇ ಅಭ್ಯಾಸ.

ತನ್ನ ಮಾತನ್ನು ತಾನೇ ಕೇಳಿ ತಿದ್ದಿಕೊಳ್ಳುವ ಈ ಉಪಾಯ ಹೊಸದಲ್ಲ. 1877ರಲ್ಲಿ ಎಡಿಸನ್ ಮಾಡಿದ ಫೋನೋಗ್ರಾಫ್ ದನಿ ಕೇಳಿಸುತ್ತಲೂ ಇತ್ತು, ಹಿಡಿಯುತ್ತಲೂ ಇತ್ತು. 1900ರ ದಶಕದ ಆರಂಭದಲ್ಲಿ ಅಮೆರಿಕದ ಅಂಚೆ ಶಿಕ್ಷಣ ಸಂಸ್ಥೆಯೊಂದು ಇದನ್ನೇ ಬಳಸಿತು. ವಿದ್ಯಾರ್ಥಿ ಪಾಠ ಕೇಳಿ, ಖಾಲಿ ಮೇಣದ ಕೊಳವೆಗೆ ತನ್ನ ಉಚ್ಚಾರ ತುಂಬಿ, ಅಂಚೆಯಲ್ಲಿ ಗುರುಗಳಿಗೆ ಕಳಿಸುತ್ತಿದ್ದ. ಆಮೇಲೆ ತಟ್ಟೆಯ ಗ್ರಾಮಫೋನ್ ಗೆದ್ದಿತು. 1901ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಭಾಷಾ ಪಾಠದ ಸಂಸ್ಥೆ ಲಿಂಗ್ವಾಫೋನ್‌ನ ಪಾಠಗಳು ತಟ್ಟೆಯ ಮೇಲೆಯೇ ಲೋಕವಿಡೀ ಹರಡಿದವು. ಆದರೆ ತಟ್ಟೆಯಿಂದ ಮನೆಯಲ್ಲಿ ಕೇಳಬಹುದಿತ್ತೇ ಹೊರತು ತನ್ನ ದನಿ ಹಿಡಿಯುವಂತಿರಲಿಲ್ಲ. ಉಪಾಯದ ಅರ್ಧ ಭಾಗ ಅಲ್ಲೇ ಕಳಚಿಬಿತ್ತು.

ಅದನ್ನು ಮರಳಿ ತಂದದ್ದು ಟೇಪ್. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದಾಗ ಬೆಚ್ಚಿದ ಅಮೆರಿಕ, 1958ರ ಕಾಯ್ದೆಯೊಂದರ ಮೂಲಕ ವಿದೇಶಿ ಭಾಷೆಗಳ ಕಲಿಕೆಗೂ ಹಣ ಸುರಿಯಿತು. ಶಾಲೆಗಳಲ್ಲಿ ಲ್ಯಾಂಗ್ವೇಜ್ ಲ್ಯಾಬ್‌ಗಳು ಎದ್ದವು. ಒಳ್ಳೆಯ ಲ್ಯಾಬಿನ ಟೇಪಿನಲ್ಲಿ ಎರಡು ಟ್ರ್ಯಾಕ್: ಒಂದರಲ್ಲಿ ಗುರುವಿನ ವಾಕ್ಯ ಮತ್ತು ಅದರ ಬೆನ್ನಿಗೆ ಖಾಲಿ ಜಾಗ, ಇನ್ನೊಂದರಲ್ಲಿ ಆ ಖಾಲಿಯಲ್ಲಿ ವಿದ್ಯಾರ್ಥಿ ಹೇಳಿದ್ದು. ಹಿಂದಕ್ಕೆ ಸುತ್ತಿ ಎರಡನ್ನೂ ಕೇಳಬಹುದು, ತನ್ನದನ್ನು ಮಾತ್ರ ಅಳಿಸಿ ಮತ್ತೆ ಹೇಳಬಹುದು. ಅಗ್ಗದ ಲ್ಯಾಬಿನಲ್ಲಿ ರೆಕಾರ್ಡರೇ ಇಲ್ಲ, ಬರೀ ಹೆಡ್‌ಫೋನ್ ಮತ್ತು ಮೈಕು.

1960ರ ದಶಕದ ಕೊನೆಗೆ ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನ ಲ್ಯಾಬಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ ಎಂದಿತು. ರೆಕಾರ್ಡರ್ ಇದ್ದಲ್ಲೂ ಅದೇ ಕಥೆ. ನಮ್ಮ ಲೆಕ್ಕದಲ್ಲಿ ಕಾರಣ ಸರಳ: ಮಕ್ಕಳು ಅರ್ಥವಿಲ್ಲದೆ ವಾಕ್ಯಗಳನ್ನು ಗಿಳಿಪಾಠ ಒಪ್ಪಿಸುತ್ತಿದ್ದರು, ಮರಳಿ ಕೇಳುವಾಗ ಯಾವುದಕ್ಕೆ ಕಿವಿಗೊಡಬೇಕೆಂದು ಹೇಳಿಕೊಟ್ಟವರಿರಲಿಲ್ಲ. ತಮ್ಮ ತಪ್ಪನ್ನು ಕೇಳಿಯೂ ಕೇಳದವರಾಗಿ ಕೂತಿದ್ದರು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದು ಟೇಪನ್ನು ಮನೆಗೆ ತಲುಪಿಸಿತು. 1979ರಲ್ಲಿ ಸೋನಿ ತನ್ನದೇ ಪುಟ್ಟ ರೆಕಾರ್ಡರಿನಿಂದ ರೆಕಾರ್ಡಿಂಗ್ ಭಾಗವನ್ನು ತೆಗೆದುಹಾಕಿ ಮೊದಲ ವಾಕ್‌ಮನ್ ಮಾಡಿತು. ಆ ಅರ್ಧ ಮತ್ತೆ ಕಳಚಿತು.

ಈಗ ಎರಡೂ ಅರ್ಧ ಜೇಬಿನ ಫೋನಿನಲ್ಲೇ ಇವೆ. ಬಳಸುವ ಕ್ರಮ ಹೀಗಿರಲಿ. ಮೂರ್ನಾಲ್ಕು ಸೆಕೆಂಡಿನ ಒಂದೇ ವಾಕ್ಯ ಆರಿಸಿ. ಅದಕ್ಕಿಂತ ಉದ್ದವಾದರೆ ಕೊನೆ ಕೇಳುವಷ್ಟರಲ್ಲಿ ಮೊದಲಿನ ದನಿ ನೆನಪಿನಿಂದ ಜಾರಿರುತ್ತದೆ. ಐದಾರು ಸಲ ಕೇಳಿ. ವೇಗ ಜಾಸ್ತಿ ಎನಿಸಿದರೆ ಶೇ 80ಕ್ಕೆ ಇಳಿಸಿ. ತೀರಾ ಇಳಿಸಿದರೆ ವ್ಯಂಜನಗಳು ಕಲಸಿಹೋಗುತ್ತವೆ. ಆಮೇಲೆ ಹೇಳಿ ರೆಕಾರ್ಡ್ ಮಾಡಿ, ತಕ್ಷಣ ಮೂಲ, ನಿಮ್ಮದು, ಮತ್ತೆ ಮೂಲ ಎಂದು ಒಂದರ ಹಿಂದೊಂದು ಕೇಳಿ. ಪ್ರತಿ ಸುತ್ತಿಗೆ ಒಂದೇ ಸಂಗತಿ: ಮೊದಲು ಕೊನೆಯ ವ್ಯಂಜನ, ನಂತರ ಸ್ವರ, ನಂತರ ಒತ್ತು. ‘ಫ್ಯುನ್ಫ್’ನ ಸ್ವರಕ್ಕೆ ನಾಲಿಗೆ ‘ಇ’ಯಲ್ಲೇ ಇರಲಿ, ತುಟಿ ಮಾತ್ರ ‘ಉ’ಗೆ ದುಂಡಗಾಗಲಿ. ಸ್ವಂತ ದನಿ ಬೇರೆಯವರದಂತೆ ಕೇಳಿಸುತ್ತದೆಂದು ಹಿಂಜರಿಯಬೇಡಿ. ಮಾತಾಡುವಾಗ ನಮ್ಮ ದನಿ ತಲೆಯ ಎಲುಬಿನ ಮೂಲಕವೂ ಕಿವಿಗೆ ಬರುತ್ತದೆ, ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ.

ಜರ್ಮನ್ ಬದಲು ಫ್ರೆಂಚ್ ಕಲಿಯುವುದಾದರೆ ಕಾರವಾರದ ಕೊಂಕಣಿ ಮನೆಮಾತಿನವರಿಗೆ ಒಂದು ಅನುಕೂಲವಿದೆ. ಕೊಂಕಣಿಯಲ್ಲಿ ಮೂಗಿನಲ್ಲಿ ಹೇಳುವ ಸ್ವರಗಳು ಇರುವುದರಿಂದ ಫ್ರೆಂಚಿನ ಅಂಥ ಸ್ವರಗಳಿಗೆ ಅಷ್ಟಾಗಿ ಹೆಣಗಬೇಕಿಲ್ಲ. ಅವರು ಆ ಹೊತ್ತನ್ನು ಬೇರೆ ಶಬ್ದಗಳಿಗೆ ಕೊಡಬಹುದು.

ಹೆಚ್ಚಿನವರಿಗೆ ಕೈಕೊಡುವುದು ಬ್ಲೂಟೂತ್ ಇಯರ್‌ಫೋನ್. ಅದರ ಮೈಕು ಶುರುವಾದೊಡನೆ ಸಂಪರ್ಕ ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಹಳೆಯವುಗಳಲ್ಲಿ 4 ಕಿಲೋಹರ್ಟ್ಸ್‌ಗಿಂತ ಮೇಲಿನ (ಸೆಕೆಂಡಿಗೆ 4,000ಕ್ಕಿಂತ ಹೆಚ್ಚು ಕಂಪನದ) ದನಿ ದಾಖಲಾಗುವುದೇ ಇಲ್ಲ. ‘ಸ್’, ‘ಫ್’ಗಳ ಸುಯ್ಲು ಬಹುಪಾಲು ಇರುವುದು ಅದಕ್ಕೂ ಮೇಲೆ. ಸರಿಯಾಗಿ ಹೇಳಿದ್ದೂ ತಪ್ಪಾಗಿ ಕೇಳುತ್ತದೆ. ಆದ್ದರಿಂದ ಫೋನಿನ ಸ್ವಂತ ಮೈಕು ಅಥವಾ ವೈರಿನ ಇಯರ್‌ಫೋನ್ ಬಳಸಿ. ಮೈಕನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಟ್ಟರೆ ‘ಪ’, ‘ಬ’ದ ಗಾಳಿ ಬಡಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಕಷ್ಟ. ಹಾಗೆಂದು ಗದ್ದಲ ಅಳಿಸುವ ಸೌಲಭ್ಯ ಹಾಕಬೇಡಿ, ಮಳೆಯ ಸದ್ದಿನ ಜೊತೆ ‘ಸ್’ ಕೂಡ ಹೋಗುತ್ತದೆ. ಫ್ಯಾನ್ ನಿಲ್ಲಿಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಮಾತಾಡಿ.

ಮಾತನ್ನು ಬರಹ ಮಾಡುವ ಫೋನಿನ ಸೌಲಭ್ಯವನ್ನೇ ಪರೀಕ್ಷಕ ಎಂದುಕೊಂಡವರಿದ್ದಾರೆ. ಅದು ಅಕ್ಕಪಕ್ಕದ ಪದಗಳನ್ನು ನೋಡಿ ಊಹಿಸುತ್ತದೆ. ವಾಕ್ಯದ ನಡುವೆ ‘ಫ್ಯುನ್ಫು’ ಎಂದರೂ ‘ಫ್ಯುನ್ಫ್’ ಎಂದೇ ಬರೆದುಬಿಡಬಹುದು. ಶಬ್ದವೊಂದನ್ನೇ ಬಿಡಿಯಾಗಿ ಹೇಳಿದಾಗ ಅದರ ತೀರ್ಪು ತುಸು ನಂಬಲರ್ಹ. ಅದೂ ಸಾಲದಿದ್ದರೆ ಗುರುಗಳಿಗೆ ಹತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಿ, ಕೊನೆಯ ವ್ಯಂಜನ ಮಾತ್ರ ನೋಡಿ ಎಂದು ಕೇಳಿ.