ಧೂಪದ ಮರ: ಹೆಸರು ಒಂದೇ, ಮರ ಮೂರು

ತೀರ್ಥಹಳ್ಳಿ, ಆಗುಂಬೆ ಕಡೆ ಹೋಗಿ ‘ಧೂಪದ ಮರ ತೋರಿಸಿ’ ಅಂತ ಮೂರು ಜನರನ್ನು ಕೇಳಿ ನೋಡಿ. ಮೂವರೂ ಬೇರೆ ಬೇರೆ ಮರದ ಬುಡಕ್ಕೆ ಕರೆದುಕೊಂಡು ಹೋಗಬಹುದು, ಮೂವರು ಹೇಳಿದ್ದೂ ಸರಿಯೇ ಇರುತ್ತದೆ. ಬಿಳಿ ಧೂಪ ಅಂದರೆ ವಟೇರಿಯಾ ಇಂಡಿಕಾ. ಕರಿಧೂಪ ಅಂದರೆ ಕೆನೇರಿಯಂ ಸ್ಟ್ರಿಕ್ಟಮ್. ಹಾಲುಮಡ್ಡಿ ಐಲಾಂತಸ್ ಜಾತಿಯದ್ದು. ಮೂರರ ಅಂಟನ್ನೂ ಕೆಂಡಕ್ಕೆ ಹಾಕಿದರೆ ಘಮ್ಮನ್ನುತ್ತದೆ, ಹಾಗಾಗಿ ಜನರ ಬಾಯಲ್ಲಿ ಎಲ್ಲವೂ ಧೂಪವೇ.

ಈ ಟಿಪ್ಪಣಿ ಬಿಳಿ ಧೂಪದ ಬಗ್ಗೆ. ಗುರುತು ಹಿಡಿಯೋಕೆ ಎಲೆ ಸಾಕು. ಉಳಿದೆರಡರಲ್ಲಿ ಬೇವಿನ ಹಾಗೆ ಒಂದೇ ಕಡ್ಡಿಗೆ ಹಲವು ಎಲೆ ಇರುತ್ತವೆ. ಬಿಳಿ ಧೂಪದ್ದು ಬಿಡಿ ಎಲೆ. ಒಂದನ್ನು ಕಿತ್ತು ಕೈಯಲ್ಲಿ ಹಿಡಿದರೆ ಚರ್ಮದ ಹಾಗೆ ದಪ್ಪ, ಪಕ್ಕದ ನರಗಳು ಸಾಲಾಗಿ ಎದ್ದು ಕಾಣುತ್ತವೆ, ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಸ್ವಲ್ಪ ಊದಿಕೊಂಡಿರುತ್ತದೆ. ಆ ಊದನ್ನು ಬೆರಳಿಂದ ಮುಟ್ಟಿ ನೋಡಿ, ಆಮೇಲೆ ಮರೆಯುವುದಿಲ್ಲ.

ಇನ್ನು ಕುಟುಂಬ. ಡಿಪ್ಟೆರೋಕಾರ್ಪೇಸಿ. ಹೆಸರಿನ ಅರ್ಥ ‘ಎರಡು ರೆಕ್ಕೆಯ ಕಾಯಿ’. ಇದೇ ಕುಟುಂಬದ ಹೈಗ ಅನ್ನುವ ಮರದ ಕಾಯಿಗೆ ಎರಡು ರೆಕ್ಕೆ ಇದೆ, ಗಾಳಿಗೆ ಗಿರಗಿರ ತಿರುಗುತ್ತಾ ಇಳಿಯುತ್ತದೆ. (ಹೈಗದ ಕೊಂಬೆಯಲ್ಲಿ ಮುಳ್ಳುಮುಳ್ಳಾದ ಉಂಡೆಗಳು ಕಂಡರೆ ಅವನ್ನು ಕಾಯಿ ಅಂತ ಬರೆದುಕೊಳ್ಳಬೇಡಿ, ಅದು ಒಂದು ಕೀಟ ಎಬ್ಬಿಸಿದ ಗಂಟು. ನಾನು ಬರೆದುಕೊಂಡಿದ್ದೆ!) ಆದರೆ ಬಿಳಿ ಧೂಪಕ್ಕೆ ರೆಕ್ಕೆಯೇ ಇಲ್ಲ. ರೆಕ್ಕೆ ಆಗಬೇಕಿದ್ದ, ಹೂವಿನ ಬುಡದ ಪುಷ್ಪಪತ್ರಗಳು ಚಿಕ್ಕದಾಗಿಯೇ ಉಳಿದು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕಾಯಿ ದಪ್ಪ, ಭಾರ. ಹಾರುವ ಮಾತೇ ಇಲ್ಲ, ಧೊಪ್ಪಂತ ತಾಯಿಮರದ ಬುಡಕ್ಕೇ ಬೀಳುತ್ತದೆ.

ಬಿದ್ದ ಮೇಲೆ ಅದಕ್ಕೆ ಕಾಯುವ ಅಭ್ಯಾಸವೂ ಇಲ್ಲ. ಬೇಸಿಗೆಗೆ ಮುಂಚೆ ಬಿಳಿ ಹೂವು, ಮಳೆಗಾಲ ಹಿಡಿಯುವ ಹೊತ್ತಿಗೆ ಕಾಯಿ, ಕೂಡಲೇ ಮೊಳಕೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಒಂದು ವರ್ಷ ಅರ್ಧ ಚೀಲ ಬೀಜ ಹೆಕ್ಕಿ ತಂದು, ಅಡಿಕೆ ಜೋಪಾನ ಮಾಡಿದ ಹಾಗೆ ಒಣಗಿಸಿ ಅಟ್ಟದ ಮೇಲೆ ಇಟ್ಟೆ. ‘ಹಸಿ ಇರುವಾಗಲೇ ಊರಬೇಕಿತ್ತಲ್ಲೋ ತಮ್ಮಾ’ ಅಂದರು ಅಜ್ಜಿ, ತಡವಾಗಿ. ಊರಿದ್ದರಲ್ಲಿ ಒಂದೂ ಹುಟ್ಟಲಿಲ್ಲ. ರಾಗಿ, ಭತ್ತದ ಬೀಜವನ್ನು ಒಣಗಿಸಿದಷ್ಟೂ ಒಳ್ಳೆಯದು, ಆದರೆ ಇಂಥ ಮಳೆಕಾಡಿನ ಬೀಜ ಒಣಗಿದರೆ ಸತ್ತ ಹಾಗೆ. ಆಗುಂಬೆಯಂಥ, ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಕಡೆ ಹುಟ್ಟುವ ಬೀಜಕ್ಕೆ ಒಣಗಿ ಕಾಯುವ ದರ್ದು ಏನಿದೆ ಹೇಳಿ? ಹೀಗಾಗಿ ಬುಡದಲ್ಲಿ ಬಿದ್ದ ಬೀಜವನ್ನೆಲ್ಲ ಗುಡಿಸಿ ಒಯ್ದರೆ ಆ ವರ್ಷದ ಸಸಿಗಳೂ ಹೋದವು, ಮಣ್ಣಲ್ಲಿ ಹಳೇ ಬೀಜದ ದಾಸ್ತಾನು ಇರುವುದಿಲ್ಲ.

ಗುಡಿಸಿ ಒಯ್ಯಲು ಕಾರಣವೂ ಇದೆ. ಬೀಜದಲ್ಲಿ ಕೊಬ್ಬು ಇದೆ. ಪುಡಿ ಮಾಡಿ ನೀರಲ್ಲಿ ಕುದಿಸಿ ಆರಲು ಬಿಟ್ಟರೆ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಸೋಪು, ಮೇಣದ ಬತ್ತಿಗೆ ಬಳಸುತ್ತಿದ್ದರು, ಚಾಕೊಲೇಟಿನ ಕೋಕೋ ಬೆಣ್ಣೆಗೆ ಬದಲಿಯಾಗಿಯೂ ಬಳಕೆ ಇದೆ.

ಮರಮುಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಇದನ್ನು ‘ಹಾರ್ಡ್‌ವುಡ್’ ಅನ್ನುತ್ತಾರೆ, ಆದರೆ ಮರ ಗಟ್ಟಿ ಅಂತಲ್ಲ, ಅದು ಸಸ್ಯಶಾಸ್ತ್ರದ ವಿಂಗಡಣೆ: ಹೂ ಬಿಡುವ ಅಗಲ ಎಲೆಯ ಮರಗಳೆಲ್ಲ ಅದರಲ್ಲೇ ಬರುತ್ತವೆ, ಬೆಂಡಿನಷ್ಟು ಹಗುರವಾದ ಬಾಲ್ಸಾ ಕೂಡ. ಬಿಳಿ ಧೂಪದ ಹಲಗೆಗೆ ಹುಳ ಬೇಗ ಹತ್ತುತ್ತದೆ, ಔಷಧಿ ಹೊಡೆಯದಿದ್ದರೆ ಬಾಳಿಕೆ ಕಮ್ಮಿ. ಹಾಗಾಗಿ ಪ್ಲೈವುಡ್, ಚಹಾ ಪೆಟ್ಟಿಗೆಗಳಿಗೆ ಹೋಯಿತು. ರೈಲು ಹಳಿಯ ಸ್ಲೀಪರ್‌ಗೆ ಹೋದದ್ದು ಇದೇ ಕುಟುಂಬದ ಕಿರಾಲುಬೋಗಿ.

ವಟೇರಿಯಾ ಅನ್ನುವ ಹೆಸರು ಅಬ್ರಹಾಂ ವಾಟರ್ ಎಂಬ ಜರ್ಮನ್ ವೈದ್ಯನದ್ದು, ಇಟ್ಟವರು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್. ಡಾಕ್ಟರಿಕೆ ಓದುವ ಗೆಳೆಯರಿದ್ದರೆ ಕೇಳಿ, ಸಣ್ಣ ಕರುಳಿಗೆ ಪಿತ್ತನಾಳ ಸೇರುವ ಜಾಗಕ್ಕೂ ಇವನದೇ ಹೆಸರು.

ಬೀಜ ನೋಡಬೇಕಾದರೆ ಜೂನ್‌ನಲ್ಲೇ ಹೋಗಿ. ಹೊಗೆಸೊಪ್ಪು, ಸುಣ್ಣ ಜೇಬಲ್ಲಿರಲಿ, ದರಗಿನಲ್ಲಿ (ಉದುರಿದ ಎಲೆಯ ರಾಶಿಯಲ್ಲಿ) ಬೀಜಕ್ಕಿಂತ ಉಂಬಳ, ಅಂದರೆ ಜಿಗಣೆ, ಜಾಸ್ತಿ.