ನೆನಪಿನ ಗಂಟು ಅಂದ್ರೆ ಏನು?

ಗಂಟು ಅನ್ನೋ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹಗ್ಗಕ್ಕೆ ಹಾಕುವುದೂ ಗಂಟು, ಬಟ್ಟೆಯಲ್ಲಿ ಕಟ್ಟಿ ಹೊರುವುದೂ ಗಂಟು. ಸಾಲ ಕೊಟ್ಟವನಿಗೆ ಬಡ್ಡಿ ಬೇರೆ, ಗಂಟು ಬೇರೆ. ಯಾರಾದರೂ ಜಾಸ್ತಿ ದುಡ್ಡು ಕೂಡಿಟ್ಟರೆ ನಮ್ಮ ಕಡೆ 'ಭಾರಿ ಗಂಟು ಮಾಡ್ಯಾನ' ಅಂತಾರೆ. ಮದುವೆಯಾದರೆ ಬ್ರಹ್ಮಗಂಟು. ದುಡ್ಡು, ನಂಟು ಎರಡನ್ನೂ ಈ ಒಂದು ಪದ ಹೊತ್ತುಕೊಂಡಿದೆ. ಒಂದು ಬಗೆಯ ಕತೆಗೆ ಹೆಸರು ಹುಡುಕುತ್ತಿದ್ದಾಗ ನನಗೆ ಇದೇ ಸರಿ ಅನಿಸಿತು.

ಆ ಬಗೆಯ ಕತೆ ನಿಮಗೂ ಗೊತ್ತಿರುತ್ತದೆ. ಎಲ್ಲೋ ನಿಧಿ ಇದೆ ಅಂತ ಸುದ್ದಿ. ಎಲ್ಲರೂ ಅದರ ಬೆನ್ನು ಹತ್ತುತ್ತಾರೆ. ನಕ್ಷೆ, ಸುರಂಗ, ಜಗಳ, ಕೆಲವು ಸಲ ಕೊಲೆ ಕೂಡ. ಕೊನೆಗೆ ಪೆಟ್ಟಿಗೆ ತೆಗೆದರೆ ಬಂಗಾರ ಇರುವುದಿಲ್ಲ. ಹಳೆಯ ಕಾಗದ, ಕೂಸಿನ ಕುಲಾಯಿ, ಮುರಿದ ಬುಗುರಿ, ಹೀಗೆ ಏನೋ ಒಂದು. ಸಂತೆಯಲ್ಲಿ ಇಟ್ಟರೆ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಬಚ್ಚಿಟ್ಟವರಿಗೆ ಮಾತ್ರ ಅದೇ ಜೀವ. ಇಂಥ ವಸ್ತುವಿಗೆ ಸೆಂಟಿಮೆಂಟಲ್ ವ್ಯಾಲ್ಯೂ ಇದೆ ಅಂತಾರೆ. ಕನ್ನಡದಲ್ಲಿ 'ಭಾವನಾತ್ಮಕ ಮೌಲ್ಯ' ಅಂತ ಬರೆಯುತ್ತಾರೆ, ಆದರೆ ಮನೆಯಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ನಾನು ಇಂಥ ಕತೆಗೆ 'ನೆನಪಿನ ಗಂಟಿನ ಕತೆ' ಅನ್ನುತ್ತೇನೆ. ನಿಘಂಟಿನಲ್ಲಿ ಹುಡುಕಬೇಡಿ, ಇದು ನಾನು ಇಟ್ಟುಕೊಂಡ ಹೆಸರು.

ಹೆಸರು ಬಂದಿದ್ದು ನಮ್ಮ ಮನೆಯಿಂದಲೇ. ಊರು ಬಾಗಲಕೋಟೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂದು ಹಳೇ ಊರಿನ ಒಂದು ಭಾಗ ಮುಳುಗಿತು, ಸಾವಿರಾರು ಜನ ನವನಗರಕ್ಕೆ ಹೋದರು. ನಮ್ಮ ಮನೆಯೂ ಮುಳುಗಡೆಯಲ್ಲಿ ಹೋಯಿತು. ಬಿಡುವ ಮುಂಚೆ ತೊಲೆ, ಜಂತಿ, ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಮಾರಿದರು. ಅಮ್ಮನ ಹತ್ತಿರ (ನಮ್ಮಲ್ಲಿ ಅಜ್ಜಿಗೆ ಅಮ್ಮ ಅಂತೀವಿ) ಒಂದು ಕಬ್ಬಿಣದ ಟ್ರಂಕು ಇತ್ತು. ಹೊರಸಿನ ಕೆಳಗೆ ಇಟ್ಟುಕೊಂಡಿದ್ದಳು. ಅದರ ಕೀಲಿಕೈ ಸದಾ ಎಲೆಅಡಿಕೆ ಚಂಚಿಯಲ್ಲಿ. 'ಏನ್ ಇಟ್ಟೀಬೇ ಅಮ್ಮಾ ಅದರಾಗ?' ಅಂತ ಕೇಳಿದರೆ ಒಂದೇ ಉತ್ತರ: 'ನನ್ನ ಗಂಟೈತಿ, ಹೋಗ ನೀ.'

ಗಂಟು ಅಂದಳಲ್ಲ, ಎಲ್ಲರೂ ಬಂಗಾರ ಅಂದುಕೊಂಡೆವು. ಅಮ್ಮನ ಪಾಟ್ಲಿ, ಬಿಲ್ವಾರ, ಬೋರಮಾಳ ಎಲ್ಲಿ ಹೋದವು ಅಂತ ನಮಗೆ ಯಾರಿಗೂ ತಿಳಿದಿರಲಿಲ್ಲ. ಟ್ರಂಕಿನಲ್ಲೇ ಇರಬೇಕು, ಅಲ್ವಾ? ಅಮ್ಮ ತೀರಿಕೊಂಡು ದಿವಸ ಮುಗಿದ ಮೇಲೆ ಕಾಕಾ ಟ್ರಂಕು ತೆಗೆದರು. ಮೇಲೆ ಎರಡು ಸೀರೆ, ಒಂದಿಷ್ಟು ಕಾಗದ. ತಳದಲ್ಲಿ ಒಂದು ಸಣ್ಣ ಗಂಟು, ಇಳಕಲ್ ಸೀರೆಯ ಹರಿದ ಸೆರಗಿನ ತುಂಡಿನಲ್ಲಿ ಕಟ್ಟಿದ್ದು. ಬಿಚ್ಚಿದರೆ ಒಂದು ಕಬ್ಬಿಣದ ಕೀಲಿಕೈ. ಗೇಣುದ್ದ, ತುಕ್ಕು ಹಿಡಿದಿದ್ದು, ಹಿಡಿಯುವ ಬಳೆ ಒಂದು ಕಡೆ ಸೊಟ್ಟಗಾಗಿತ್ತು.

ಇನ್ನೊಂದು ಪೆಟ್ಟಿಗೆ ಎಲ್ಲೋ ಇದೆ ಅಂತ ಕಾಕಾ ಹುಡುಕಲು ಶುರು ಮಾಡಿದರು. ತಿಜೋರಿಗೆ ಹಾಕಿ ನೋಡಿದರು, ದೇವರ ಮನೆಯ ಪೆಟ್ಟಿಗೆಗೆ ಹಾಕಿ ನೋಡಿದರು, ಅಟ್ಟ ಹತ್ತಿದರು, ಪಕ್ಕದ ಮನೆಯವರನ್ನೂ ಕೇಳಿದರು. ಮೂರು ದಿನ. ನಾಲ್ಕನೇ ದಿನ ಅತ್ತಿ ಜಮಖಂಡಿಯಿಂದ ಬಂದಳು. ಕೀಲಿಕೈ ಕೈಗೆ ತೆಗೆದುಕೊಂಡು ಆ ಸೊಟ್ಟ ಬಳೆಯ ಮೇಲೆ ಹೆಬ್ಬೆರಳು ಆಡಿಸಿದಳು. 'ಏ ತಮ್ಮಾ, ಇದು ನಮ್ಮ ಹಳೇ ಮನಿ ತಲಬಾಗಲ ಕೀಲಿಕೈ ಅಲ್ಲೇನೋ. ನೀ ಸಣ್ಣಾವಿದ್ದಾಗ ಬಾವ್ಯಾಗ ಒಗದಿದ್ದಿ, ಅಪ್ಪ ಪಾತಾಳಗರಡಿ ಹಾಕಿ ತಗದಿದ್ದ. ಆವಾಗ ಸೊಟ್ಟ ಆತು ನೋಡು.' ಪಾಟ್ಲಿ ಬಿಲ್ವಾರ ಎಲ್ಲ ನವನಗರದ ಮನೆಯ ಸ್ಲ್ಯಾಬಿಗೆ ಹೋಗಿದ್ದವು ಅಂತಲೂ ಅವಳೇ ಹೇಳಿದಳು. ಕಾಕಾ ಅಲ್ಲೇ ಕೂತುಬಿಟ್ಟರು.

ಮೂರು ದಿನ ಆ ಕೀಲಿಕೈ ಕಾಕಾನ ಕೈಯಲ್ಲೇ ಇತ್ತು. ಆಗ ಅದು ತುಕ್ಕು ಹಿಡಿದ ಕಬ್ಬಿಣ, ಅಷ್ಟೇ. ಅತ್ತಿ ಗುರುತು ಹಿಡಿದ ಮೇಲೆ ಅದೇ ಕಬ್ಬಿಣ ಬೇರೆ ಆಯಿತು. ನೆನಪಿನ ಗಂಟಿನ ಕತೆಯಲ್ಲಿ ನಾನು ಕಾಯುವುದು ಈ ಗಳಿಗೆಗಾಗಿ. ಪೆಟ್ಟಿಗೆ ಯಾರು ಬೇಕಾದರೂ ತೆಗೆಯಬಹುದು. ಇದು ಏನು ಅಂತ ಹೇಳುವ ಒಬ್ಬರು ಬೇಕು. ಕನ್ನಡದಲ್ಲಿ 'ಬೆಲೆ ಇಲ್ಲದ್ದು' ಅಂತಲೂ ಇದೆ, 'ಬೆಲೆ ಕಟ್ಟಲಾಗದ್ದು' ಅಂತಲೂ ಇದೆ. ಮೊದಲನೆಯದು ಎರಡನೆಯದಾಗುವುದು ಆ ಒಬ್ಬರು ಬಾಯಿ ಬಿಟ್ಟಾಗ.

ಗುರುತಿಸುವವರು ಯಾರೂ ಇಲ್ಲದಿದ್ದರೆ? ಅಂಥ ಕತೆಯೂ ಇದೆ. ಜಗತ್ತಿನಲ್ಲಿ ಬಹಳ ಹೆಸರಾದ ಉದಾಹರಣೆ 1941ರ ಸಿನಿಮಾ 'ಸಿಟಿಜನ್ ಕೇನ್'. ದೊಡ್ಡ ಶ್ರೀಮಂತ ಸಾಯುವಾಗ 'ರೋಸ್‌ಬಡ್' ಅನ್ನುತ್ತಾನೆ. ಅದರ ಅರ್ಥ ಹುಡುಕಿ ಪತ್ರಕರ್ತ ಊರೆಲ್ಲ ಅಲೆಯುತ್ತಾನೆ, ಸಿಗುವುದಿಲ್ಲ. ಕೊನೆಯಲ್ಲಿ ಆಳುಗಳು ಬೇಡದ ಸಾಮಾನು ಎಂದು ಒಂದು ಹಲಗೆಯ ಬಂಡಿಯನ್ನು ಬೆಂಕಿಗೆ ಹಾಕುತ್ತಾರೆ, ಮಕ್ಕಳು ಹಿಮದ ಮೇಲೆ ಜಾರುವ ಬಂಡಿ. ಅದರ ಮೇಲೆ ಆ ಹೆಸರು ಇರುತ್ತದೆ. ಅವನ ಬಾಲ್ಯದ ಬಂಡಿ ಅದು. ಕತೆಯೊಳಗೆ ಯಾರಿಗೂ ಗೊತ್ತಾಗುವುದಿಲ್ಲ, ನೋಡುತ್ತ ಕೂತ ನಮಗೆ ಮಾತ್ರ ಗೊತ್ತಾಗುತ್ತದೆ. ಆ ಚಿತ್ರಕ್ಕೆ ಮಾಡಿಸಿದ್ದ ಬಂಡಿಗಳಲ್ಲಿ ಉಳಿದಿದ್ದ ಒಂದನ್ನು 1982ರಲ್ಲಿ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಹರಾಜಿನಲ್ಲಿ 60,500 ಡಾಲರ್ ಕೊಟ್ಟು ಕೊಂಡರು. ಕತೆಯಲ್ಲಿ ಒಲೆಗೆ ಹೋದ ಹಲಗೆಗೆ ಇಷ್ಟು ಬೆಲೆ ಬಂದಿದ್ದು, ಇಷ್ಟು ಜನ ಅದನ್ನು ಗುರುತಿಸುತ್ತಾರೆ ಅನ್ನುವುದಕ್ಕೆ.

ಇದರ ಪಕ್ಕದಲ್ಲೇ ಇನ್ನೊಂದು ಪದ ಇದೆ, ಮ್ಯಾಕ್‌ಗಫಿನ್. ನಿರ್ದೇಶಕ ಹಿಚ್‌ಕಾಕ್‌ನಿಂದ ಹೆಸರಾಯಿತು. ಎಲ್ಲರೂ ಒಂದು ವಸ್ತುವಿನ ಹಿಂದೆ ಓಡುತ್ತಾರೆ, ಆ ಓಟದಿಂದ ಕತೆ ನಡೆಯುತ್ತದೆ, ಆದರೆ ಆ ವಸ್ತು ಏನು ಅನ್ನುವುದು ಅಷ್ಟು ಮುಖ್ಯ ಅಲ್ಲ. ವಜ್ರ ಇದ್ದ ಕಡೆ ರಹಸ್ಯ ಕಾಗದ ಇಟ್ಟರೂ ಕತೆ ನಡೆದೀತು. ನೆನಪಿನ ಗಂಟಿನಲ್ಲಿ ಹಾಗೆ ಬದಲಿಸಲು ಆಗುವುದಿಲ್ಲ. ಅಮ್ಮನ ಟ್ರಂಕಿನಲ್ಲಿ ಬೇರೆ ಕೀಲಿಕೈ ಇದ್ದಿದ್ದರೆ ಅತ್ತಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಸೊಟ್ಟ ಬಳೆಯ ಆ ಕೀಲಿಕೈಯೇ ಬೇಕು.

ಹಾಗಾಗಿ ನನಗೆ ಸಿಟ್ಟು ಬರುವುದು ಪೆಟ್ಟಿಗೆಯಿಂದ 'ಪ್ರೀತಿಯೇ ನಿಜವಾದ ನಿಧಿ' ಅಂತ ಚೀಟಿ ತೆಗೆಯುವ ಕತೆಗಳ ಮೇಲೆ. ಅದು ಓದುವವರಿಗೆ ಮೋಸ. ಕೈಯಲ್ಲಿ ಹಿಡಿಯುವ ಒಂದು ವಸ್ತು ಬೇಕು, ಅದರ ಮೇಲೆ ಒಂದು ಗಾಯವೋ ಕಲೆಯೋ ಇರಬೇಕು, ಅದರ ಸುಳಿವು ಕತೆಯಲ್ಲಿ ಮೊದಲೇ ಬಂದಿರಬೇಕು. ಇಲ್ಲದಿದ್ದರೆ ಕೊನೆಯಲ್ಲಿ ಸುಮ್ನೆ ಹೇಳಿದ ಹಾಗಾಗುತ್ತದೆ.

ಕಾನೂನಿಗೂ ನಿಧಿ ಅಂದರೆ ಏನು ಅಂತ ಒಂದು ಲೆಕ್ಕ ಇದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿರುವ, ಬೆಲೆಯುಳ್ಳ ಯಾವುದೇ ವಸ್ತು ನಿಧಿ. ಸಿಕ್ಕಿದ್ದರ ಬೆಲೆ 10 ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕು. ಅಂದರೆ ಅಲ್ಲಿ ಮೊದಲ ಪ್ರಶ್ನೆಯೇ ಬೆಲೆ ಎಷ್ಟು ಅಂತ.

ಆ ಪ್ರಶ್ನೆ ಎಲ್ಲಿ ತಪ್ಪುತ್ತದೆ ಅಂತ ನೋಡಬೇಕಾದರೆ ವಿಜಯಪುರಕ್ಕೆ ಹೋಗಿ ಬುರುಜಿನ ಮೇಲಿನ ಮಲಿಕ್‌-ಎ-ಮೈದಾನ್ ತೋಪಿನ ಮುಂದೆ ನಿಲ್ಲಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದಿದ್ದು, ತೂಕ ಸುಮಾರು 55 ಟನ್. 1854ರಲ್ಲಿ ಬ್ರಿಟಿಷರ ಆಡಳಿತ ಇದನ್ನು ಬೇಡದ ಸಾಮಾನು ಅಂತ ಹರಾಜಿಗೆ ಇಟ್ಟಿತು. ಬಂದ ಬೆಲೆ 150 ರೂಪಾಯಿ. ಆಮೇಲೆ ಮಾರಾಟ ರದ್ದಾಯಿತು, ತೋಪು ಉಳಿಯಿತು. ಹರಾಜಿಗೆ ಬಂದವನು ಲೋಹ ನೋಡಿದ. ಇವತ್ತು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ತೋಪಿನ ಬಾಯಿಯ ಸಿಂಹವನ್ನು ತೋರಿಸುವ ಊರಿನವರು ನೋಡುವುದು ಬೇರೆ. ಇದು ಒಂದು ಮನೆಯ ಗಂಟಲ್ಲ, ಒಂದು ಊರಿನ ಗಂಟು. ಗುರುತಿಸುವವರು ಜಾಸ್ತಿ ಇದ್ದರು, ಅದು ನಮ್ಮ ಪುಣ್ಯ.

ನಮ್ಮ ಕೀಲಿಕೈಗೆ ಬಾಗಿಲು ಇಲ್ಲ. ಬಾಗಿಲು ಯಾರ ಮನೆಗೆ ಹೋಯಿತೋ, ಮನೆ ನೀರಿನ ಕೆಳಗೆ. ಪಾಲು ಮಾಡುವಾಗ ಟ್ರಂಕು ಯಾರಿಗೂ ಬೇಡವಾಗಿತ್ತು, ಕೀಲಿಕೈ ಮಾತ್ರ ಇಬ್ಬರೂ ಕೇಳಿದರು. ಅಕ್ಕ ಅಂತ ಕಾಕಾ ಬಿಟ್ಟುಕೊಟ್ಟರು. ಈಗ ಅದು ಜಮಖಂಡಿಯಲ್ಲಿ, ಅದೇ ಸೆರಗಿನ ತುಂಡಿನಲ್ಲಿ ಕಟ್ಟಿ, ಅತ್ತಿಯ ದೇವರ ಮನೆಯಲ್ಲಿ ಇದೆ. ದೀಪಾವಳಿಗೆ ಹೋದಾಗ ಕಾಕಾ ಊಟಕ್ಕಿಂತ ಮೊದಲು ಅದನ್ನು ಕೇಳುತ್ತಾರೆ. ಗಂಟು ಬಿಚ್ಚಿ, ಆ ಸೊಟ್ಟ ಬಳೆಯಲ್ಲಿ ಬೆರಳು ಹಾಕಿ ಸ್ವಲ್ಪ ಹೊತ್ತು ಕೂತು, ಮತ್ತೆ ಕಟ್ಟಿ ಅಕ್ಕನ ಕೈಗೆ ಕೊಡುತ್ತಾರೆ.